ಊರ ತರಕಾರಿ ಮತ್ತು ಲೋಹದ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳಲ್ಲಿ ತರಕಾರಿ ಕೊಳ್ಳುವವರ ಮನಸ್ಸಿನಲ್ಲಿ ಎರಡು ರಾಶಿಗಳಿರುತ್ತವೆ. ಹುಬ್ಬಳ್ಳಿ, ಬೆಳಗಾವಿ, ಹಾವೇರಿ ಕಡೆಯಿಂದ ಲಾರಿಯಲ್ಲಿ ಬಂದಿಳಿಯುವ ಘಟ್ಟದ ಮೇಲಿನ ತರಕಾರಿ ಒಂದು ರಾಶಿ. ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತರುವ ಹರಿವೆ, ಬಸಳೆ, ಮೂಲಂಗಿ, ಅಲಸಂದೆ, ಮೊಗೆಕಾಯಿ, ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿ ಇನ್ನೊಂದು ರಾಶಿ. ಮೊದಲನೆಯದು ಅಗ್ಗ, ಆದರೆ ಅನುಮಾನದ್ದು; ಎರಡನೆಯದು ತುಸು ದುಬಾರಿ, ಆದರೆ ನಂಬಿಕೆಯದ್ದು. ಈಚಿನ ವರ್ಷಗಳಲ್ಲಿ ತರಕಾರಿಯಲ್ಲಿ ಸೀಸ, ಕ್ಯಾಡ್ಮಿಯಂ, ನಿಕಲ್‌ನಂಥ ಭಾರಲೋಹಗಳು ಸಿಕ್ಕಿದ ಸುದ್ದಿ ಪದೇ ಪದೇ ಬರುತ್ತಿರುವುದರಿಂದ ಈ ವಿಂಗಡಣೆ ಇನ್ನಷ್ಟು ಗಟ್ಟಿಯಾಗಿದೆ. ‘ಅದೆಲ್ಲ ಬೆಂಗಳೂರಿನ ಮೋರಿ ನೀರಿನ ಕತೆ. ನಮ್ಮಲ್ಲಿ ಕಾರ್ಖಾನೆ ಇಲ್ಲ, ಕೊಳಚೆ ಬೇಸಾಯ ಇಲ್ಲ, ಕೊಟ್ಟಿಗೆ ಗೊಬ್ಬರ ಬಿಟ್ಟರೆ ಬೇರೇನೂ ಹಾಕುವುದಿಲ್ಲ, ಮಳೆಯಂತೂ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಹೀಗಿರುವಾಗ ನಮ್ಮ ತರಕಾರಿಗೆ ಲೋಹ ಎಲ್ಲಿಂದ ಬರಬೇಕು?’ ಎಂಬ ಮಾತು ಓದಿದವರ ಬಾಯಲ್ಲೂ ಕೇಳುತ್ತದೆ. ಈ ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ವಾದಗಳು ಒಂದಕ್ಕೊಂದು ತೊಡರಿಕೊಂಡಿವೆ. ಬಿಡಿಸಿ ನೋಡಿದರೆ ಕೆಲವು ನಿಲ್ಲುತ್ತವೆ, ಹೆಚ್ಚಿನವು ನಿಲ್ಲುವುದಿಲ್ಲ.

ಮೊದಲು ಈ ನಂಬಿಕೆಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಘಟ್ಟದ ಮೇಲಿನ ತರಕಾರಿಯ ಬಗೆಗಿನ ಅನುಮಾನಕ್ಕೆ ಆಧಾರವಿದೆ. ಹುಬ್ಬಳ್ಳಿ-ಧಾರವಾಡದ ಅಂಚಿನ ಬಿಡ್ನಾಳ, ಗಬ್ಬೂರು, ಕಟ್ನೂರು, ಮಡಿಹಾಳದಂಥ ಊರುಗಳಲ್ಲಿ ರೈತರು ನಗರದ ಚರಂಡಿ ಹಳ್ಳದ ನೀರೆತ್ತಿ ತರಕಾರಿ ಬೆಳೆಯುವುದನ್ನು ಸಂಶೋಧಕರು ಎರಡು ದಶಕಗಳ ಹಿಂದೆಯೇ ವಿವರವಾಗಿ ಅಧ್ಯಯನ ಮಾಡಿದ್ದಾರೆ. ವರ್ಷವಿಡೀ ಬತ್ತದ, ಸಾರವೂ ಇರುವ ಆ ನೀರನ್ನು ರೈತರು ಬಿಡದಿರುವುದಕ್ಕೆ ಬಡತನದ ತರ್ಕವಿದೆ. ಬೆಂಗಳೂರಿನ ವೃಷಭಾವತಿ ಹರಿದು ಸೇರುವ ಬೈರಮಂಗಲ ಕೆರೆಯ ಅಚ್ಚುಕಟ್ಟು ಇಂಥದೇ ಇನ್ನೊಂದು ಉದಾಹರಣೆ. ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನ ಅಂಗಡಿಗಳಿಂದ ತಂದ 400 ತರಕಾರಿ ಮಾದರಿಗಳನ್ನು ಪರೀಕ್ಷಿಸಿದಾಗ ಹಲವುಗಳಲ್ಲಿ ಸೀಸ, ಕ್ಯಾಡ್ಮಿಯಂ, ನಿಕಲ್ ಮಿತಿ ಮೀರಿದ್ದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ವರದಿಯನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಇದಕ್ಕೆ ಹೋಲಿಸಿದರೆ ಕರಾವಳಿಯ ಈ ಮೂರು ತಾಲ್ಲೂಕುಗಳಲ್ಲಿ ಲೋಹ ಬಳಸುವ ದೊಡ್ಡ ಕೈಗಾರಿಕೆಗಳಿಲ್ಲ. ಅಘನಾಶಿನಿ ಅಣೆಕಟ್ಟಿಲ್ಲದೆ ಹರಿದು ಕಡಲು ಸೇರುವ ನದಿ, ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಆದ್ದರಿಂದ ‘ಸರಾಸರಿಯಲ್ಲಿ ಇಲ್ಲಿನ ಮಣ್ಣು ಬೆಂಗಳೂರಿನ ಅಂಚಿನ ಮಣ್ಣಿಗಿಂತ ಶುದ್ಧವಾಗಿದ್ದೀತು’ ಎಂಬ ಊಹೆ ತಪ್ಪಲ್ಲ. ತೊಡಕು ಶುರುವಾಗುವುದು ಈ ಊಹೆ ಖಾತರಿಯಾಗಿ ಬದಲಾದಾಗ. ಇಡೀ ಸೀಮೆಯ ಸರಾಸರಿ ಚೆನ್ನಾಗಿದ್ದ ಮಾತ್ರಕ್ಕೆ ಅದರೊಳಗಿನ ಪ್ರತಿ ಗದ್ದೆ, ಪ್ರತಿ ಹಿತ್ತಿಲು ಚೆನ್ನಾಗಿರುತ್ತದೆ ಎನ್ನುವಂತಿಲ್ಲ. ತಿನ್ನುವವನು ತಿನ್ನುವುದು ಸರಾಸರಿಯನ್ನಲ್ಲ, ಒಂದು ಗದ್ದೆಯ ಸೊಪ್ಪನ್ನು.

ಗೊಂದಲದ ಬೇರು ಇರುವುದು ಕೀಟನಾಶಕವನ್ನೂ ಲೋಹವನ್ನೂ ಒಂದೇ ‘ವಿಷ’ ಎಂದು ಭಾವಿಸುವುದರಲ್ಲಿ. ಕೀಟನಾಶಕ ಮನುಷ್ಯ ಸಿಂಪಡಿಸಿದರೆ ಮಾತ್ರ ಇರುತ್ತದೆ. ಸಿಂಪಡಿಸದ ಹೊಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಸಿಂಪಡಿಸಿದರೂ ಈಗಿನ ಬಹುಪಾಲು ಔಷಧಿಗಳು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಒಡೆದುಹೋಗುತ್ತವೆ. ಹಾಗಾಗಿ ಕೀಟನಾಶಕದ ವಿಷಯದಲ್ಲಿ ‘ಯಾರು ಬೆಳೆದರು, ಹೇಗೆ ಬೆಳೆದರು’ ಎಂಬ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಲೋಹ ಮೂಲಧಾತು. ಅದು ಒಡೆಯುವುದಿಲ್ಲ, ಕೊಳೆಯುವುದಿಲ್ಲ, ಸುಟ್ಟರೆ ಬೂದಿಯಲ್ಲಿ ಉಳಿಯುತ್ತದೆ. ಒಮ್ಮೆ ಮಣ್ಣಿನ ಮೇಲ್ಪದರಕ್ಕೆ ಸೇರಿದ ಸೀಸ ಶತಮಾನಗಳ ಕಾಲ ಅಲ್ಲೇ ಇರಬಲ್ಲದು. ಅಂದರೆ ಇವತ್ತು ಸೊಪ್ಪು ಬೆಳೆಯುತ್ತಿರುವವಳು ಏನೂ ತಪ್ಪು ಮಾಡದಿದ್ದರೂ ಅವಳ ಮಣ್ಣಿನಲ್ಲಿ ಮೂವತ್ತು ವರ್ಷದ ಹಿಂದಿನ ಸೀಸ ಇರಬಹುದು. ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತದ್ದು 2000ದಲ್ಲಿ. ಅದಕ್ಕೂ ಮುಂಚೆ ರಾಷ್ಟ್ರೀಯ ಹೆದ್ದಾರಿ 17 ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ 66ರಲ್ಲಿ ದಶಕಗಳ ಕಾಲ ಓಡಿದ ವಾಹನಗಳ ಹೊಗೆ ರಸ್ತೆಬದಿಯ ಮಣ್ಣಿಗೆ ಇಳಿದಿತ್ತು. ಅಂಥ ಪಟ್ಟಿಯಲ್ಲಿ ಈಗ ಯಾರು ಎಷ್ಟೇ ಪ್ರಾಮಾಣಿಕವಾಗಿ ಬೆಳೆದರೂ ಲೋಹದ ಲೆಕ್ಕ ಬದಲಾಗದು. ಬೆಳೆಗಾರರ ಮೇಲಿನ ನಂಬಿಕೆಯಿಂದ ಮಣ್ಣಿನ ರಸಾಯನವನ್ನು ಊಹಿಸಲು ಹೊರಟರೆ ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಕೊಟ್ಟಂತಾಗುತ್ತದೆ.

‘ಸಾವಯವ’ ಎಂಬ ಭರವಸೆಯೂ ಇದೇ ಕಾರಣಕ್ಕೆ ಇಲ್ಲಿ ಕೆಲಸಕ್ಕೆ ಬಾರದು. ಸಾವಯವ ಪ್ರಮಾಣಪತ್ರ ಪ್ರಧಾನವಾಗಿ ಹೇಳುವುದು ಬೇಸಾಯದ ವಿಧಾನವನ್ನು: ಏನು ಹಾಕಿದರು, ಏನು ಹಾಕಲಿಲ್ಲ, ಎಷ್ಟು ವರ್ಷದಿಂದ. ಬೆಳೆಯೊಳಗೆ ಎಷ್ಟು ಕ್ಯಾಡ್ಮಿಯಂ ಇದೆ ಎಂಬುದನ್ನಲ್ಲ. ಇನ್ನೊಂದು ಸಂಗತಿ ಗಮನಿಸಬೇಕು. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟಿಗೆ ಲೋಹದ ಮಿತಿ ಹಾಕಿದೆ: ಒಣ ತೂಕದ ಪ್ರತಿ ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕಲ್ 50 ಮಿಲಿಗ್ರಾಂ ದಾಟಬಾರದು. ಎರೆಗೊಬ್ಬರಕ್ಕೂ ಇಂಥ ಮಿತಿಗಳಿವೆ. ಗೊಬ್ಬರ ಸಾವಯವವಾಗಿದ್ದ ಮಾತ್ರಕ್ಕೆ ಲೋಹ ಇರುವುದಿಲ್ಲ ಎಂದಾಗಿದ್ದರೆ ಕಾನೂನಿಗೆ ಈ ಅಂಕಿಗಳ ಅಗತ್ಯವೇ ಬೀಳುತ್ತಿರಲಿಲ್ಲ. ಬೆಂಗಳೂರಿನ ಆ 400 ಮಾದರಿಗಳಲ್ಲಿ ಸಾವಯವ ಎಂದು ಮಾರುವ ಅಂಗಡಿಗಳಿಂದ ತಂದವೂ ಸೇರಿದ್ದವು ಎಂಬುದನ್ನು ಇದರ ಜೊತೆಗಿಟ್ಟು ಓದಬೇಕು. ಇಷ್ಟು ಹೇಳಿದ ಮೇಲೆ ಸಾವಯವ ಬೇಸಾಯದ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಚೆನ್ನಾಗಿ ಕಳಿತ ಗೊಬ್ಬರದ ಸಾವಯವ ಅಂಶ ಲೋಹವನ್ನು ಹಿಡಿದಿಟ್ಟು ಬೇರಿಗೆ ಸುಲಭವಾಗಿ ಸಿಗದಂತೆ ಮಾಡುತ್ತದೆ. ರಾಸಾಯನಿಕ ರಂಜಕದ ಗೊಬ್ಬರ ತಯಾರಾಗುವ ಶಿಲಾರಂಜಕದಲ್ಲಿ ಸಹಜವಾಗಿಯೇ ಕ್ಯಾಡ್ಮಿಯಂ ಇರುತ್ತದೆ. ಐರೋಪ್ಯ ಒಕ್ಕೂಟ ಅದಕ್ಕೆ 2022ರಿಂದ ಮಿತಿ ಜಾರಿಗೆ ತಂದಿದೆ. ಕೊಟ್ಟಿಗೆ ಗೊಬ್ಬರ ನೆಚ್ಚಿಕೊಂಡವರು ಆ ಮಟ್ಟಿಗೆ ಒಂದು ದಾರಿಯನ್ನು ಮುಚ್ಚಿದ್ದಾರೆ. ಆದರೆ ಒಂದು ದಾರಿ ಮುಚ್ಚಿತೆಂದರೆ ಎಲ್ಲ ದಾರಿಯೂ ಮುಚ್ಚಿತು ಎಂದಲ್ಲ.

‘ಕಾರ್ಖಾನೆ ಇಲ್ಲದ ಕಡೆ ಲೋಹ ಎಲ್ಲಿಂದ’ ಎಂಬ ಪ್ರಶ್ನೆಯನ್ನು ಈಗ ನೇರವಾಗಿ ಎದುರಿಸೋಣ. ಜಪಾನಿನ ತೊಯಾಮಾ ಪ್ರಾಂತ್ಯದ ಜಿಂಜು ನದಿ ಬಯಲಿನ ರೈತರ ಗದ್ದೆಗಳಲ್ಲೂ ಕಾರ್ಖಾನೆ ಇರಲಿಲ್ಲ. ಮೇಲಿನ ಬೆಟ್ಟದ ಕಮಿಯೋಕಾ ಗಣಿಯ ಕ್ಯಾಡ್ಮಿಯಂ ನದಿಯಲ್ಲಿ ಇಳಿದು, ಗದ್ದೆಗೆ ಹಾಯಿಸಿದ ನೀರಿನ ಮೂಲಕ ಅಕ್ಕಿ ಸೇರಿತು. ಮುಟ್ಟು ನಿಂತ ವಯಸ್ಸಿನ, ಹಲವು ಹೆರಿಗೆ ಕಂಡ ಹೆಂಗಸರ ಮೂಳೆಗಳು ಮುರಿಯತೊಡಗಿದವು. ‘ಇತಾಯಿ-ಇತಾಯಿ’ ಎಂದು ಹೆಸರಾದ ಆ ಕಾಯಿಲೆಯನ್ನು ಜಪಾನ್ ಸರ್ಕಾರ 1968ರಲ್ಲಿ ಮಾಲಿನ್ಯದ ಕಾಯಿಲೆ ಎಂದು ಒಪ್ಪಿಕೊಂಡಿತು. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮೂರು ದಶಕಕ್ಕೂ ಹೆಚ್ಚು ಕಾಲ ನಡೆದು 2012ರಲ್ಲಿ ಮುಗಿಯಿತು. ನಮ್ಮ ಕರಾವಳಿಯಲ್ಲಿ ಕಮಿಯೋಕಾ ಇಲ್ಲ. ಹೋಲಿಕೆಯನ್ನು ಅಷ್ಟು ದೂರ ಎಳೆಯುವುದು ಅನ್ಯಾಯ. ಆದರೂ ಇದೇ ಜಿಲ್ಲೆಯ ಬಿಣಗಾದಲ್ಲಿ ಪಾದರಸದ ಕೋಶ ಬಳಸುತ್ತಿದ್ದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಕಡಲಿನಲ್ಲಿ ಪಾದರಸವನ್ನು ಸಂಶೋಧಕರು ದಶಕಗಳ ಹಿಂದೆಯೇ ಅಳೆದಿದ್ದರು ಎಂಬುದನ್ನು ಮರೆಯಬೇಕಾಗಿಲ್ಲ. ಕುಮಟಾಕ್ಕೆ ಇಳಿಯುವ ಅಘನಾಶಿನಿಯ ಒಂದು ಕವಲು ಹುಟ್ಟುವುದು ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಎಂಬುದನ್ನೂ; ಮೇಲಿನ ಪೇಟೆಯ ಕೊಳೆ ನದಿಯ ಜೊತೆ ಕೆಳಗಿಳಿಯಬಲ್ಲದು. ಕಾರ್ಖಾನೆಯ ಹೊಗೆಗೊಳವೆ ಕಾಣದ ಊರಿನಲ್ಲಿ ಲೋಹ ಸೇರುವ ಸಣ್ಣ ಸಣ್ಣ ದಾರಿಗಳು ಹೀಗಿವೆ:

1. ಬೂದಿ. ಬಚ್ಚಲೊಲೆಯ ಬೂದಿಯನ್ನು ಬಸಳೆ ಬುಡಕ್ಕೆ, ಹರಿವೆ ಮಡಿಗೆ ಹಾಕುವುದು ಈ ಕಡೆಯ ಮನೆಮನೆಯ ಪದ್ಧತಿ. ಸೌದೆ, ದರಕು, ತೆಂಗಿನ ಗರಿ ಮಾತ್ರ ಉರಿಯುತ್ತಿದ್ದಾಗ ಅದು ಒಳ್ಳೆಯ ಪೊಟ್ಯಾಶ್ ಗೊಬ್ಬರ. ಈಗ ಅದೇ ಒಲೆಗೆ ಬಣ್ಣದ ಪ್ಲಾಸ್ಟಿಕ್, ಪೈಪಿನ ತುಂಡು, ಬಣ್ಣ ಬಳಿದ ಹಳೆಯ ಕಿಟಕಿ ಚೌಕಟ್ಟು ಹೋಗುತ್ತವೆ. ಹಳೆಯ ಬಣ್ಣದಲ್ಲಿ ಸೀಸವಿತ್ತು. ಮನೆಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಇಳಿಸುವ ನಿಯಮ ಬಂದದ್ದೇ 2016ರಲ್ಲಿ. ಉರಿದದ್ದು ಪ್ಲಾಸ್ಟಿಕ್ಕು, ಉಳಿದದ್ದು ಲೋಹ.

2. ಹೆದ್ದಾರಿಯ ದೂಳು. ಟೈರು, ಬ್ರೇಕುಗಳು ಸವೆದ ಪುಡಿಯಲ್ಲಿ ಸತು, ತಾಮ್ರ ಇರುತ್ತವೆ. ಹಳೆಯ ಸೀಸ ಮಣ್ಣಿನ ಕಣಗಳ ಜೊತೆ ಮತ್ತೆ ಮತ್ತೆ ಮೇಲೇಳುತ್ತದೆ. ರಸ್ತೆಯನ್ನು ಅಗಲ ಮಾಡಲು ಅಗೆದಾಗಲಂತೂ ಹಳೆಯ ಅಂಚಿನ ಮಣ್ಣು ಎಲ್ಲೆಲ್ಲೋ ಹೋಗಿ ಬೀಳುತ್ತದೆ.

3. ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬಳಕೆಗೆ ತಂದ ಮೇಲೆ ಮಲೆನಾಡು, ಕರಾವಳಿಯ ತೋಟಗಳಲ್ಲೆಲ್ಲ ಅದು ಪ್ರತಿ ಮಳೆಗಾಲದ ಕೆಲಸವಾಯಿತು. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ. ನೂರು ಲೀಟರ್ ಶೇಕಡಾ ಒಂದರ ದ್ರಾವಣ ಹೊಡೆದಾಗಲೆಲ್ಲ ಅಷ್ಟು ತಾಮ್ರ ತೋಟಕ್ಕೆ ಸೇರುತ್ತದೆ. ಅದೇ ತೋಟದಲ್ಲಿ ವೀಳ್ಯದೆಲೆ ಬಳ್ಳಿ, ಅಂಚಿನಲ್ಲಿ ಕೆಸು, ಕೆಳಗಿನ ಗದ್ದೆಯಲ್ಲಿ ತರಕಾರಿ.

4. ಪೇಟೆಯ ಚರಂಡಿ ಮತ್ತು ಕಸ. ಭಟ್ಕಳದ ಶರಾಬಿ ಹೊಳೆಗೆ ಒಳಚರಂಡಿ ನೀರು ಸೇರುವ ದೂರು ಹಳೆಯದು. ಮನೆಗಳ ಕೊಳಚೆಯಲ್ಲಿ ಲೋಹಕ್ಕಿಂತ ರೋಗಾಣುಗಳ ಅಪಾಯವೇ ದೊಡ್ಡದು, ನಿಜ. ಆದರೆ ಬ್ಯಾಟರಿ ಅಂಗಡಿ, ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ದೋಣಿಗೆ ಬಣ್ಣ ಬಳಿಯುವ ದಕ್ಕೆಗಳ ತೊಳೆನೀರು ಕೂಡ ಅವೇ ಚರಂಡಿಗಳಲ್ಲಿ ಹರಿಯುತ್ತದೆ.

ಇವುಗಳಲ್ಲಿ ಯಾವುದೂ ಒಂದೊಂದಾಗಿ ದೊಡ್ಡ ಅನಾಹುತವಲ್ಲ. ಆದರೆ ಲೋಹ ಒಡೆಯದ ಕಾರಣ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗಬಹುದು. ಇಲ್ಲಿ ಮೂರನೆಯ ವಾದ, ಅಂದರೆ ಮಳೆಯ ವಾದ, ಮಧ್ಯೆ ಬರುತ್ತದೆ. ವರ್ಷಕ್ಕೆ ಮೂರು-ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಏನು ತಾನೆ ಉಳಿದೀತು ಎಂದು ಅನ್ನಿಸುವುದು ಸಹಜ. ಆದರೆ ಮಳೆ ಎಲ್ಲವನ್ನೂ ಒಂದೇ ಸಮನಾಗಿ ತೊಳೆಯುವುದಿಲ್ಲ. ಅದು ಸುಲಭವಾಗಿ ಒಯ್ಯುವುದು ಮಣ್ಣಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು. ಹಿಂದೆ ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ಹುಳಿ ಮಣ್ಣು. ನಮ್ಮ ಜಂಬಿಟ್ಟಿಗೆ ಮಣ್ಣು ಕೆಂಪಾಗಿ, ಹುಳಿಯಾಗಿ ಇರುವುದೇ ಈ ಮಳೆಯಿಂದ. ಸೀಸದಂಥ ಲೋಹಗಳು ಆ ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಂಡು ಮೇಲ್ಪದರದಲ್ಲೇ ಕೂರುತ್ತವೆ. ಕ್ಯಾಡ್ಮಿಯಂ ಮಾತ್ರ ಮಣ್ಣು ಹುಳಿಯಾದಷ್ಟೂ ಸಡಿಲಗೊಂಡು ಬೇರಿಗೆ ಒದಗುತ್ತದೆ. ಅಂದರೆ ಎರಡು ಕಡೆಯ ಮಣ್ಣಿನಲ್ಲಿ ಒಟ್ಟು ಕ್ಯಾಡ್ಮಿಯಂ ಅಷ್ಟೇ ಇದ್ದರೂ, ಸುಣ್ಣದ ಅಂಶವಿರುವ ಬಯಲುಸೀಮೆಯ ಎರೆಮಣ್ಣಿಗಿಂತ ಕರಾವಳಿಯ ಹುಳಿ ಮಣ್ಣಿನಲ್ಲಿ ಬೆಳೆದ ಹರಿವೆಗೆ ಅದು ಹೆಚ್ಚು ಸಿಗುತ್ತದೆ. ರಕ್ಷಣೆ ಎಂದು ನಾವು ನೆಚ್ಚಿದ ಮಳೆಯೇ ಹುಳಿಯ ಮೂಲಕ ಬಾಗಿಲು ತೆರೆದಿಡುತ್ತದೆ. ಇನ್ನು ಮಳೆ ನಿಜಕ್ಕೂ ಕೊಚ್ಚಿಕೊಂಡು ಹೋದ ಮಣ್ಣಿನ ಕಣಗಳು ಇಳಿಯುವುದು ತಗ್ಗಿನ ಗದ್ದೆಗೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆ, ಕೊನೆಗೆ ಅಳಿವೆಗೆ. ನೀರನ್ನು ಸೋಸಿ ತಿಂದು ಬದುಕುವ ಬಳಚು ಅಲ್ಲಿದೆ, ಬಳಚನ್ನು ತಿನ್ನುವ ನಾವು ಇಲ್ಲಿದ್ದೇವೆ. ತೊಳೆದುಹೋಯಿತು ಎಂಬುದಕ್ಕೆ ಲೋಹದ ಲೆಕ್ಕದಲ್ಲಿ ಜಾಗ ಬದಲಾಯಿತು ಎಂದಷ್ಟೇ ಅರ್ಥ.

ಗದ್ದೆಯ ನೀರಿನ ವರ್ತನೆಯನ್ನೂ ಇಲ್ಲಿ ಗಮನಿಸಬೇಕು, ಏಕೆಂದರೆ ಕರಾವಳಿಯ ತರಕಾರಿಯಲ್ಲಿ ದೊಡ್ಡ ಪಾಲು ಬರುವುದು ಭತ್ತ ಕೊಯ್ದ ಗದ್ದೆಗಳಿಂದ. ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಈರುಳ್ಳಿಯೂ ಹಾಗೆಯೇ. ಮಳೆಗಾಲದಲ್ಲಿ ನೀರು ನಿಂತಾಗ ಮಣ್ಣಿನೊಳಗೆ ಗಾಳಿ ಇರುವುದಿಲ್ಲ. ಆಗ ಕ್ಯಾಡ್ಮಿಯಂ ಗಂಧಕದ ಜೊತೆ ಕೂಡಿ ಕರಗದ ರೂಪಕ್ಕೆ ಹೋಗುತ್ತದೆ, ಆರ್ಸೆನಿಕ್ ಮಾತ್ರ ಬಿಡುಗಡೆಯಾಗುತ್ತದೆ. ನೀರಿಳಿದು ಗದ್ದೆ ಒಣಗಿದಾಗ ಇದು ತಿರುಗುಮುರುಗು: ಆರ್ಸೆನಿಕ್ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಕ್ಯಾಡ್ಮಿಯಂ ಸಡಿಲಗೊಳ್ಳುತ್ತದೆ. ಹಾಗಾಗಿ ಅದೇ ಗದ್ದೆಯ ಅಕ್ಕಿ ಕ್ಯಾಡ್ಮಿಯಂ ಪರೀಕ್ಷೆಯಲ್ಲಿ ಗೆದ್ದಿತೆಂದು ಅಲ್ಲಿಯ ಬೇಸಿಗೆ ಹರಿವೆಯೂ ಗೆಲ್ಲುತ್ತದೆ ಎನ್ನಲಾಗದು. ‘ಈ ಗದ್ದೆ ಒಳ್ಳೆಯದು’ ಎಂಬ ಮಾತಿಗೆ ಯಾವ ಹಂಗಾಮಿನಲ್ಲಿ, ಯಾವ ಬೆಳೆಗೆ, ಯಾವ ಲೋಹದ ಮಟ್ಟಿಗೆ ಎಂಬ ಮೂರು ಷರತ್ತುಗಳು ಸೇರದೆ ಅರ್ಥವಿಲ್ಲ.

ಕಣ್ಣಿನ ಮೇಲಿನ ನಂಬಿಕೆ ನಾಲ್ಕನೆಯದು. ಸೊಂಪಾಗಿ, ಹಸಿರಾಗಿ ಬೆಳೆದ ಗಿಡ ಆರೋಗ್ಯವಾಗಿದೆ, ಆದ್ದರಿಂದ ತಿನ್ನಲು ಯೋಗ್ಯ ಎಂದು ಅನುಭವಸ್ಥರೂ ಹೇಳುತ್ತಾರೆ. ಲೋಹಗಳ ವಿಷಯದಲ್ಲಿ ಮಣ್ಣು ಮತ್ತು ಗಿಡಗಳ ನಡುವೆ ಒಂದು ತಡೆ ಇದೆ. ಅದನ್ನು ಅರಿತರೆ ಈ ಮಾತಿನ ಅರ್ಧ ಸತ್ಯ ತಿಳಿಯುತ್ತದೆ. ಸೀಸ, ಕ್ರೋಮಿಯಂ, ಪಾದರಸಗಳ ಬಹುಪಾಲು ಮಣ್ಣಿನಲ್ಲಿ ಅಥವಾ ಬೇರಿನಲ್ಲೇ ಸಿಕ್ಕಿಬೀಳುತ್ತದೆ; ಎಲೆಗೆ ಏರುವುದು ಕಡಿಮೆ. ತಾಮ್ರ, ಸತು, ನಿಕಲ್‌ಗಳು ಮನುಷ್ಯನಿಗೆ ಅಪಾಯವಾಗುವ ಮಟ್ಟ ಮುಟ್ಟುವ ಮೊದಲೇ ಗಿಡವನ್ನು ಹಳದಿಗಟ್ಟಿಸಿ, ಕುಗ್ಗಿಸಿ ಎಚ್ಚರಿಕೆ ಕೊಡುತ್ತವೆ. ಆದ್ದರಿಂದ ಮೈಲುತುತ್ತದ ತಾಮ್ರ ಎರೆಹುಳಕ್ಕೆ, ಮಣ್ಣಿನ ಜೀವಕ್ಕೆ ದೊಡ್ಡ ತೊಂದರೆಯೇ ಹೊರತು ತಿನ್ನುವವನಿಗೆ ತೀರಾ ದೊಡ್ಡದಲ್ಲ. ಈ ತಡೆಯನ್ನು ಸದ್ದಿಲ್ಲದೆ ದಾಟುವುದು ಕ್ಯಾಡ್ಮಿಯಂ. ಗಿಡ ಹಸಿರಾಗಿಯೇ ಇರುತ್ತದೆ, ಇಳುವರಿ ಕುಂದುವುದಿಲ್ಲ, ರುಚಿ ಕೆಡುವುದಿಲ್ಲ. ಎಲೆಯಲ್ಲಿ ಮಾತ್ರ ಮಿತಿಗಿಂತ ಹೆಚ್ಚು ಸೇರಿರುತ್ತದೆ. ಕಣ್ಣು ಯಾವ ಲೋಹವನ್ನು ಹಿಡಿಯಬಲ್ಲದೋ ಅದು ನಮಗೆ ಕಡಿಮೆ ಅಪಾಯದ್ದು. ಕಣ್ಣಿಗೆ ಸಿಗದಿರುವುದೇ ಹೆಚ್ಚು ಅಪಾಯದ್ದು. ಉಪ್ಪು, ಅರಿಸಿನ, ಹುಣಸೆ ನೀರಿನಲ್ಲಿ ತೊಳೆಯುವ ಉಪಾಯವನ್ನೂ ಇದೇ ಒರೆಗೆ ಹಚ್ಚಬೇಕು. ಎಲೆಯ ಮೇಲಿನ ಸೀಸ ಹೆಚ್ಚಾಗಿ ದೂಳಿನಿಂದ, ಸಿಡಿದ ಮಣ್ಣಿನಿಂದ ಬಂದದ್ದು. ಧಾರಾಳ ನೀರಿನಲ್ಲಿ ಉಜ್ಜಿ ತೊಳೆದರೆ ಅದರ ಒಂದು ಪಾಲು ಹೋಗುತ್ತದೆ. ಬೇರಿನಿಂದ ಏರಿ ಜೀವಕೋಶದೊಳಗೆ ಕುಳಿತ ಕ್ಯಾಡ್ಮಿಯಂ ಯಾವ ತೊಳೆತಕ್ಕೂ ಬಗ್ಗದು.

ಇಷ್ಟು ಓದಿದವರು ಇನ್ನೊಂದು ತುದಿಗೆ ಹಾರುವ ಸಾಧ್ಯತೆ ಇದೆ: ಹಾಗಾದರೆ ಎಲ್ಲವೂ ವಿಷ, ತರಕಾರಿಯೇ ಬೇಡ. ಇದು ಮೊದಲ ನಂಬಿಕೆಗಿಂತ ಹೆಚ್ಚು ಗೊಂದಲದ್ದು, ಹೆಚ್ಚು ಅಪಾಯದ್ದು. ಮೊದಲನೆಯದಾಗಿ, ಲೋಹ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಬೆಲೆಯಿಲ್ಲ; ಸೂಕ್ಷ್ಮ ಉಪಕರಣಕ್ಕೆ ಎಲ್ಲ ಮಣ್ಣಿನಲ್ಲೂ ಎಲ್ಲ ಲೋಹವೂ ಕಾಣುತ್ತದೆ. ಜಂಬಿಟ್ಟಿಗೆಯಲ್ಲಿ ಕ್ರೋಮಿಯಂ, ನಿಕಲ್ ಹುಟ್ಟಿನಿಂದಲೇ ಹೆಚ್ಚಿರಬಹುದು, ಆದರೆ ಬೇರಿಗೆ ಸಿಗದ ರೂಪದಲ್ಲಿ. ಮಣ್ಣಿನ ಒಟ್ಟು ಅಂಕಿ ನೋಡಿ ಬೆಚ್ಚಿಬೀಳುವುದು ಅದನ್ನು ನೋಡದೆ ನಿಶ್ಚಿಂತರಾಗಿರುವಷ್ಟೇ ಅವೈಚಾರಿಕ. ಎರಡನೆಯದಾಗಿ, ಪ್ರಮಾಣವನ್ನು ಕೂಡಿಸಿ ನೋಡಬೇಕು. ಕೋಡೆಕ್ಸ್ ಆಹಾರ ಮಾನಕದಂತೆ ಸೊಪ್ಪಿನಲ್ಲಿ ಕ್ಯಾಡ್ಮಿಯಂ ಮಿತಿ ಕಿಲೋಗೆ 0.2 ಮಿಲಿಗ್ರಾಂ, ಸೀಸದ ಮಿತಿ 0.3, ಕಾಯಿ ತರಕಾರಿಗಳಿಗೆ ಎರಡೂ 0.05. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2010ರಲ್ಲಿ ಕ್ಯಾಡ್ಮಿಯಂಗೆ ಹಾಕಿದ ಸಹನೀಯ ಮಿತಿ ತಿಂಗಳಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ 25 ಮೈಕ್ರೋಗ್ರಾಂ. 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 50 ಮೈಕ್ರೋಗ್ರಾಂ. ಮಿತಿಯಂಚಿನಲ್ಲಿರುವ ಸೊಪ್ಪನ್ನು ದಿನಾ ನೂರು ಗ್ರಾಂ ತಿಂದರೆ 20 ಮೈಕ್ರೋಗ್ರಾಂ, ಅಂದರೆ ಐದರಲ್ಲಿ ಎರಡು ಪಾಲು. ಅದೇ ಮಾನಕ ಪಾಲಿಶ್ ಅಕ್ಕಿಗೆ 0.4 ಮಿಲಿಗ್ರಾಂ ಬಿಡುತ್ತದೆ; ಮಿತಿಯಂಚಿನ ಅಂಥ ಅಕ್ಕಿಯನ್ನು ದಿನಕ್ಕೆ 300 ಗ್ರಾಂ ಉಂಡರೆ 120 ಮೈಕ್ರೋಗ್ರಾಂ, ಸಹನೀಯ ಮಿತಿಯ ಎರಡು ಪಟ್ಟಿಗೂ ಹೆಚ್ಚು. ಮಾರುಕಟ್ಟೆಯ ಅಕ್ಕಿ ಸಾಮಾನ್ಯವಾಗಿ ಆ ಅಂಚಿಗಿಂತ ಬಹಳ ಕೆಳಗೇ ಇರುತ್ತದೆ ಎಂಬುದು ಸಮಾಧಾನ. ಆದರೆ ಲೆಕ್ಕದಿಂದ ತಿಳಿಯಬೇಕಾದದ್ದು ಬೇರೆ: ಮಿತಿಯ ಅಂಕಿ ವ್ಯಾಪಾರದ ಗಡಿರೇಖೆ, ಮೂರು ಹೊತ್ತು ಅನ್ನ, ಗಂಜಿ ಉಣ್ಣುವ ಕರಾವಳಿಯ ಹೊಟ್ಟೆಗೆ ಅದೊಂದೇ ಅಭಯಪತ್ರವಾಗದು. ಸೀಸಕ್ಕಂತೂ ಅದೇ ಸಮಿತಿ ಸುರಕ್ಷಿತ ಎನ್ನಬಹುದಾದ ಮಟ್ಟ ತೋರಿಸಲಾಗದೆ ಹಳೆಯ ಸಹನೀಯ ಮಿತಿಯನ್ನೇ ಹಿಂತೆಗೆದುಕೊಂಡಿತು.

ಮೂರನೆಯ ಕಾರಣ ಇನ್ನೂ ಮುಖ್ಯ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಕರುಳು ಕಬ್ಬಿಣ ಹೀರಲು ತೆರೆಯುವ ದಾರಿಯಲ್ಲೇ ಕ್ಯಾಡ್ಮಿಯಂ ಒಳನುಗ್ಗುತ್ತದೆ. ಕ್ಯಾಲ್ಸಿಯಂ, ಕಬ್ಬಿಣ ಕಡಿಮೆಯಿರುವ ಮಕ್ಕಳು ಸೀಸವನ್ನೂ ಹೆಚ್ಚು ಹೀರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಹೆದರಿ ಸೊಪ್ಪು ಬಿಟ್ಟರೆ ಪೋಷಕಾಂಶ ಇನ್ನಷ್ಟು ಕುಗ್ಗಿ, ಅನ್ನದಲ್ಲಿರುವ ಅಲ್ಪ ಕ್ಯಾಡ್ಮಿಯಮೇ ದೇಹಕ್ಕೆ ಹೆಚ್ಚು ಹತ್ತುತ್ತದೆ. ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತರಿಂದ ಮೂವತ್ತು ವರ್ಷ ಉಳಿಯಬಲ್ಲದು. ರಕ್ತ ಕಡಿಮೆಯೆಂದು ಬಸುರಿಗೆ ಹರಿವೆ ತಿನ್ನಿಸುವ ಮನೆಯವರಿಗೆ ಆ ಹರಿವೆ ಯಾವ ಮಣ್ಣಿನದ್ದು ಎಂಬುದು ಹರಿವೆ ತಿನ್ನಬೇಕೇ ಬೇಡವೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಸೀಸದ ಮಟ್ಟಿಗೆ ತರಕಾರಿ ಅನೇಕ ಮೂಲಗಳಲ್ಲಿ ಒಂದು ಮಾತ್ರ ಎಂಬುದೂ ನೆನಪಿರಲಿ: ಹಳೆಯ ಬ್ಯಾಟರಿ ಒಡೆಯುವ ಕೆಲಸ, ಉದುರುವ ಬಣ್ಣ, ಬಣ್ಣ ಬೆರೆಸಿದ ಮಸಾಲೆ ಪುಡಿ, ಅಗ್ಗದ ಲೋಹದ ಪಾತ್ರೆಗಳು. ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಆತಂಕದ ಮಟ್ಟದ ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜಿಸಿದಾಗ ಬೆರಳು ತೋರಿಸಿದ್ದು ಮುಖ್ಯವಾಗಿ ಇಂಥ ಮೂಲಗಳ ಕಡೆಗೆ.

ಈಗ ಎರಡು ಗಂಭೀರ ಆಕ್ಷೇಪಗಳು. ‘ಪರೀಕ್ಷೆ, ಅಂಕಿ ಎಂದು ಸುದ್ದಿ ಎಬ್ಬಿಸಿದರೆ ಮೊದಲು ಹೊಟ್ಟೆಗೆ ಹೊಡೆತ ಬೀಳುವುದು ಬುಟ್ಟಿ ಹೊತ್ತ ಹೆಂಗಸಿಗೆ, ಲೋಹ ಹರಡಿದ ಪೇಟೆಯವನಿಗಲ್ಲ’ ಎಂಬುದು ಒಂದು. ಇದು ನ್ಯಾಯವಾದ ಮಾತು. ಕಾನೂನು ಕೂಡ ಇದನ್ನು ಸ್ವಲ್ಪ ಮಟ್ಟಿಗೆ ಕಂಡಿದೆ: 2006ರ ಆಹಾರ ಸುರಕ್ಷತಾ ಕಾಯ್ದೆಯ 18ನೇ ಕಲಮು ಹೊಲದ ಹಂತದಲ್ಲಿ ರೈತನನ್ನು, ಮೀನುಗಾರನನ್ನು ಕಾಯ್ದೆಯಿಂದ ಹೊರಗಿಟ್ಟಿದೆ. ಆದರೆ ಈ ಆಕ್ಷೇಪ ಅಲ್ಲಗಳೆಯುವುದು ಬುಟ್ಟಿಯನ್ನು ಪರೀಕ್ಷಿಸುವುದನ್ನೇ ಹೊರತು ಮಣ್ಣನ್ನು ಪರೀಕ್ಷಿಸುವುದನ್ನಲ್ಲ. ಬೆಳೆಗಾರ್ತಿ ತಪ್ಪಿತಸ್ಥೆಯಲ್ಲ ಎಂದಾದರೆ ಪರೀಕ್ಷೆಯ ಖರ್ಚು, ಹೊಣೆ, ಬೆಳೆ ಬದಲಿಸಬೇಕಾದರೆ ಅದರ ಪರಿಹಾರ ಸರ್ಕಾರದ ಮೇಲೆ ಬೀಳಬೇಕು ಎಂಬುದೇ ಈ ವಾದದ ಸಹಜ ತೀರ್ಮಾನ. ಯಾರೂ ಅಳೆಯಬಾರದು ಎಂಬುದಲ್ಲ. ಎರಡನೆಯ ಆಕ್ಷೇಪ: ‘ತೊಂದರೆ ಕಾಣಿಸಿಲ್ಲದಿರುವಾಗ ಹುಡುಕಿಕೊಂಡು ಹೋಗುವುದೇಕೆ?’ ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಮಾಡುವ ಹಾನಿ ಕಾಣಿಸಿಕೊಳ್ಳಲು ದಶಕಗಳು ಬೇಕು. ಕಂಡಾಗ ಅದಕ್ಕೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ವಯಸ್ಸು ಎಂಬ ಹತ್ತು ಬೇರೆ ಹೆಸರುಗಳು ಸಿಗುತ್ತವೆ. ಹಾನಿ ಕಂಡಮೇಲೆ ಹುಡುಕುವುದು ಇಂಥ ವಿಷಯದಲ್ಲಿ ಹುಡುಕದಿರುವುದಕ್ಕೆ ಸಮ. ಮಣ್ಣನ್ನು ಈಗಾಗಲೇ ಅಳೆಯುತ್ತಿದ್ದೇವಲ್ಲ ಎನ್ನುವವರೂ ಇದ್ದಾರೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ತೋರಿಸುತ್ತದೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಹುಳಿ-ಕ್ಷಾರ, ಲವಣಾಂಶ, ಸಾವಯವ ಇಂಗಾಲ. ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ, ಆರ್ಸೆನಿಕ್ ಇಲ್ಲ. ತಾಮ್ರ, ಸತುಗಳನ್ನೂ ನೋಡುವುದು ಕೊರತೆಯಿದೆಯೇ ಎಂದು ತಿಳಿಯಲು. ಬೆಳೆಗೆ ಏನು ಸಾಲದು ಎಂದು ಕೇಳುವ ಚೀಟಿ ತಿನ್ನುವವನಿಗೆ ಏನು ಹೆಚ್ಚಾಯಿತು ಎಂದು ಕೇಳುವುದಿಲ್ಲ.

ಮಾಡಬೇಕಾದದ್ದು ವಾದದಿಂದಲೇ ಹೊರಬರುತ್ತದೆ, ಮತ್ತು ಅದು ದುಬಾರಿಯಲ್ಲ. ಒಂದು, ಮೂರು ತಾಲ್ಲೂಕುಗಳ ಪ್ರತಿ ಮನೆಯ ಮಣ್ಣನ್ನು ಅಳೆಯಬೇಕಾಗಿಲ್ಲ. ಅನುಮಾನದ ಜಾಗಗಳ ಬಗೆಗಳನ್ನು ಗುರುತಿಸಿದರೆ ಸಾಕು. ಹೆದ್ದಾರಿಯಂಚು, ಪೇಟೆಯ ಚರಂಡಿಯ ಕೆಳಗಿನ ಬಯಲು, ಹಳೆಯ ಕಸದ ಗುಂಡಿಯ ಸುತ್ತ, ತೋಟದ ತಗ್ಗಿನ ಗದ್ದೆ, ಶಾಲೆಯ ಕೈತೋಟ, ಹೋಲಿಕೆಗೆ ದೂರದ ಶುದ್ಧ ಗದ್ದೆ. ಪ್ರತಿಯೊಂದರಲ್ಲೂ ಮಣ್ಣಿನ ಹುಳಿ, ಸೀಸ, ಕ್ಯಾಡ್ಮಿಯಂ, ಜೊತೆಗೆ ಅಲ್ಲೇ ಬೆಳೆದ ಹರಿವೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಶಿರಸಿಯಲ್ಲಿದೆ, ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ಕೆಲಸಕ್ಕೆ ಬೇಕಾದ ಸಂಸ್ಥೆಗಳನ್ನು ಹೊಸದಾಗಿ ಕಟ್ಟಬೇಕಿಲ್ಲ. ಫಲಿತಾಂಶವನ್ನು ಬೆಳೆಗಾರರ ಹೆಸರಿನಲ್ಲಲ್ಲ, ಜಾಗದ ಬಗೆಯ ಹೆಸರಿನಲ್ಲಿ ಪ್ರಕಟಿಸಬೇಕು. ಎರಡು, ಅನುಮಾನದ ಮಣ್ಣಿನಲ್ಲಿ ಬೇಸಾಯ ನಿಲ್ಲಿಸುವ ಬದಲು ಬೆಳೆ ಬದಲಿಸಬಹುದು: ಲೋಹ ಹೆಚ್ಚು ಸೇರುವುದು ಹರಿವೆ, ಪಾಲಕ, ಮೂಲಂಗಿಗಳಲ್ಲಿ, ಮೊಗೆ, ಹೀರೆ, ಸೌತೆ, ಅಲಸಂದೆಯ ಕಾಯಿಗಳಲ್ಲಿ ಬಹಳ ಕಡಿಮೆ. ಮೂರು, ಕೃಷಿ ಸುಣ್ಣ ಹಾಕಿ ಮಣ್ಣಿನ ಹುಳಿ ತಗ್ಗಿಸಿ ಹುಳಿ-ಕ್ಷಾರದ ಅಳತೆಯನ್ನು (ಪಿಎಚ್) 6.5ರ ಹತ್ತಿರಕ್ಕೆ ತಂದರೆ ಕ್ಯಾಡ್ಮಿಯಂ ಬೇರಿಗೆ ಸಿಗುವುದು ಗಣನೀಯವಾಗಿ ತಗ್ಗುತ್ತದೆ. ಬೆಳೆಯೂ ಚೆನ್ನಾಗಿ ಬರುತ್ತದೆ. ಶುದ್ಧ ಸೌದೆಯ ಬೂದಿಗೂ ಸ್ವಲ್ಪ ಮಟ್ಟಿಗೆ ಈ ಗುಣವಿದೆ. ಆದ್ದರಿಂದ ನಾಲ್ಕನೆಯದು, ತರಕಾರಿಗೆ ಬೂದಿ ಕೊಡುವ ಒಲೆಗೆ ಪ್ಲಾಸ್ಟಿಕ್ಕನ್ನೂ ಬಣ್ಣದ ಮರವನ್ನೂ ಹಾಕದಿರುವುದು.

ಹೀಗೆ ಅಳೆದಾಗ ಊರ ತರಕಾರಿಯ ಬಹುಪಾಲು ನಿರಾತಂಕವೆಂದು ತಿಳಿಯುವ ಸಾಧ್ಯತೆಯೇ ಹೆಚ್ಚು ಎಂದು ನಾನು ಭಾವಿಸುತ್ತೇನೆ. ಹಾಗಾದರೂ ಅಳತೆ ವ್ಯರ್ಥವಾಗದು. ಇವತ್ತು ಕುಮಟಾದ ಬೆಳೆಗಾರ ತನ್ನ ಬೆಳೆ ಒಳ್ಳೆಯದೆಂದು ಹೇಳಿದರೆ ಅದು ಒಂದು ಮಾತು. ಹುಬ್ಬಳ್ಳಿಯ ವ್ಯಾಪಾರಿಯೂ ಅದೇ ಮಾತನ್ನು ಅಷ್ಟೇ ಸುಲಭವಾಗಿ ಹೇಳಬಲ್ಲ. ಅಂಕಿ ಕೈಯಲ್ಲಿದ್ದರೆ ತುಸು ಹೆಚ್ಚಿನ ಬೆಲೆ ಕೇಳಲು ಕುಮಟಾದ ಬೆಳೆಗಾರನಿಗೆ ಕಾರಣವಿರುತ್ತದೆ. ಕೆಲವು ಜಾಗಗಳಲ್ಲಿ ಲೋಹ ಹೆಚ್ಚೆಂದು ತಿಳಿದರೆ ಪರಿಹಾರ ಒಂದಿಷ್ಟು ಸುಣ್ಣ, ಒಂದು ಬೆಳೆಯ ಬದಲಾವಣೆ. ಜಿಂಜು ಬಯಲಿನಂತೆ ಮೂವತ್ತು ವರ್ಷ ಮಣ್ಣು ಬದಲಿಸುವ ಸ್ಥಿತಿಗೆ ನಾವು ಬಂದಿಲ್ಲ. ಬೆಳೆಗಾರರ ಮೇಲಿನ ನಂಬಿಕೆಯನ್ನು ಯಾರೂ ಬಿಡಬೇಕಾಗಿಲ್ಲ. ಅವರು ಸುಳ್ಳು ಹೇಳುವುದಿಲ್ಲ ಎಂಬುದಕ್ಕೆ ಆ ನಂಬಿಕೆ ಸಾಕು. ತಮ್ಮ ಮಣ್ಣಿನಲ್ಲಿ ಏನಿದೆ ಎಂಬುದು ಅವರಿಗೂ ಗೊತ್ತಿಲ್ಲ; ಅದನ್ನು ಅವರಿಗೆ ತಿಳಿಸುವ ಕೆಲಸ ಕೃಷಿ ಇಲಾಖೆಯದ್ದು, ತಿಳಿಸೆಂದು ಕೇಳುವ ಕೆಲಸ ತಿನ್ನುವವರದ್ದು.